ಮಳೆ ಪುಸ್ತಕದ ಷರಾ ಕಾಲಂ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಖಚಿತವಾಗಿ ಹೇಳಲು ನನ್ನ ನೆನಪೇನೂ ಕಾರಣವಲ್ಲ, ಫೋನಿನಲ್ಲಿ ಆ ಸಮಯ ಇನ್ನೂ ಹಾಗೇ ಇದೆ. ದೊಡ್ಡಪ್ಪನ ಮಳೆ ಪುಸ್ತಕದಿಂದ ಟೈಪ್ ಮಾಡಿದ್ದ ಹನ್ನೊಂದು ಪುಟಗಳನ್ನು ನನ್ನ ಅಪ್ಪನಿಗೂ ದೊಡ್ಡಪ್ಪನ ಮಗನಿಗೂ ಒಟ್ಟಿಗೆ ಕಳಿಸಿದೆ. ಒಬ್ಬರಿಗೆ ಮೊದಲು ಕಳಿಸಿದರೆ ಇನ್ನೊಬ್ಬರಿಗೆ ಬೇಜಾರಾಗುತ್ತದೆ ಎಂದು ಅಷ್ಟು ಮುತುವರ್ಜಿ ವಹಿಸಿದ್ದೆ. ಕೆಳಗೆ, "ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ" ಎಂದೂ ಸೇರಿಸಿದ್ದೆ. ಆ ಸಾಲನ್ನು ಈಗ ಓದಲು ಆಗುವುದಿಲ್ಲ. ಅಳಿಸಲೂ ಆಗಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ವನಗೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೈಟರ್ ಆಗಿದ್ದವರು. ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗ ಇಟ್ಟುಕೊಳ್ಳುವುದು, ದಿನಾ ಬೆಳಿಗ್ಗೆ ಎಂಟಕ್ಕೆ ರೈನ್‌ಗೇಜಿನಲ್ಲಿ ಬಿದ್ದ ನೀರನ್ನು ಅಳೆದು ಬರೆದಿಡುವುದು, ಇವೆಲ್ಲ ರೈಟರ್ ಕೆಲಸ. ಎಸ್ಟೇಟಿನ ಪುಸ್ತಕವಲ್ಲದೆ ತಮಗೇ ಅಂತ ಇನ್ನೊಂದು ಮಳೆ ಪುಸ್ತಕ ಇಟ್ಟುಕೊಂಡಿದ್ದರು. ಉದ್ದನೆಯದು, ಕೆಂಪು ರಟ್ಟಿನದು. ಕೆಲಸ ಮುಗಿಸಿ ಮಗ್ಗೆಯ ಹತ್ತಿರ ಮನೆ ಕಟ್ಟಿಸಿಕೊಂಡು ಬಂದ ಮೇಲೂ ಅಂಗಳದ ಮೂಲೆಯಲ್ಲಿ ಒಂದು ರೈನ್‌ಗೇಜ್ ನೆಟ್ಟು, ಯಾರೂ ಕೇಳದಿದ್ದರೂ ಬರೆಯುತ್ತಲೇ ಇದ್ದರು.

ಮಳೆ ಪುಸ್ತಕದಲ್ಲಿ ಮೂರು ಕಾಲಂ ಇರುತ್ತದೆ. ತಾರೀಕು, ಎಷ್ಟು ಇಂಚು ಎಷ್ಟು ಸೆಂಟ್ ಮಳೆ, ಕೊನೆಗೆ ಷರಾ. ನೂರು ಸೆಂಟಿಗೆ ಒಂದು ಇಂಚು. ಷರಾ ಕಾಲಂನಲ್ಲಿ ಬೇರೆ ರೈಟರುಗಳು ಗುಡುಗು, ಆಲಿಕಲ್ಲು, ಗಾಳಿ ಎಂದು ಬರೆಯುತ್ತಾರೆ. ದೊಡ್ಡಪ್ಪ ಅಲ್ಲಿ ಅವತ್ತಿನ ಲಿಂಗಪೂಜೆಯಲ್ಲಿ ತಮಗೆ ಏನಾಯಿತು ಎಂದು ಬರೆದಿದ್ದರು.

ನಾವು ಲಿಂಗ ಕಟ್ಟಿಕೊಳ್ಳುವ ಜನ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುತ್ತೇವೆ. ಸ್ನಾನವಾದ ಮೇಲೆ ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ ಆಮೇಲೆ ತಿಂಡಿ. ಸತ್ತಾಗ ಸುಡುವುದಿಲ್ಲ. ಗುಂಡಿಯಲ್ಲಿ ಕೂರಿಸಿ, ಪುರೋಹಿತರಾದ ಅಯ್ಯನವರ ಕೈಯಿಂದ ಅಂಗೈಯಲ್ಲಿ ಅವರವರ ಲಿಂಗ ಇಡಿಸಿ ಮಣ್ಣು ಮಾಡುತ್ತೇವೆ. ದೊಡ್ಡಪ್ಪನ ಪೂಜೆಯೆಂದರೆ ನಮ್ಮ ಕಡೆಯಲ್ಲೆಲ್ಲ ಹೆಸರು. ಜ್ವರ ಬಂದರೂ ತಪ್ಪಿಸಿದವರಲ್ಲ. ಅಪ್ಪ ಆಲೂರಿನಲ್ಲಿ ಕಾಫಿ, ಮೆಣಸು ಕೊಳ್ಳುವ ಅಂಗಡಿ ಇಟ್ಟವರು. ಅಂಗಡಿಗೆ ಬಂದವರ ಹತ್ತಿರವೆಲ್ಲ, "ನಮ್ಮಣ್ಣಂದು ನೋಡ್ರಿ ಪೂಜೆ ಅಂದ್ರೆ" ಎನ್ನುತ್ತಿದ್ದರು.

ದೊಡ್ಡಪ್ಪ ತೀರಿಕೊಂಡು ವರ್ಷ ತುಂಬುವ ದಿನಕ್ಕೆ ಒಂದು ಚಿಕ್ಕ ನೆನಪಿನ ಪುಸ್ತಕ ಮಾಡಿಸಿ ಬಂದವರಿಗೆಲ್ಲ ಹಂಚಬೇಕೆಂದು ಮನೆಯವರು ತೀರ್ಮಾನಿಸಿದರು. ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು ನಾನೊಬ್ಬಳೇ ಆದ್ದರಿಂದ ಕೆಲಸ ನನಗೆ ಬಿತ್ತು. ಒಂದು ಪುಟದಲ್ಲಿ ಅವರು ಅಳೆದ ಮಳೆಯ ಪಟ್ಟಿ ಹಾಕೋಣವೆಂದು ಕೆಂಪು ಪುಸ್ತಕ ತೆರೆದೆ.

"ಒಂದು ಇಂಚು ಹತ್ತು ಸೆಂಟ್. ಪೂಜೆ ಮಾಡಿದೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂಬುದು ಇಂದು ಸ್ಪಷ್ಟವಾಗಿತ್ತು. ಬೇಸರವೇನೂ ಆಗಲಿಲ್ಲ."

"ಮಳೆ ಇಲ್ಲ. ದೇವರಿಲ್ಲ ಎನ್ನುವಷ್ಟು ಧೈರ್ಯ ನನಗಿಲ್ಲ. ಇದ್ದಾನೆ ಎನ್ನುವಷ್ಟು ಅನುಭವವೂ ಇಲ್ಲ. ಲೈನಿನಲ್ಲಿ ಆರು ಜನಕ್ಕೆ ಜ್ವರ."

"ನಲವತ್ತು ಸೆಂಟ್. ಕಣ್ಣು ಮುಚ್ಚಿ ಕೂತಿದ್ದೆ. ಇವಳು ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದಳು. ಇವತ್ತಿನ ಪೂಜೆಯಲ್ಲಿ ನಿಜವಾದದ್ದು ಅದೊಂದೇ."

ಇಂಥವು ಪುಟಗಟ್ಟಲೆ. ಇವಳು ಎಂದರೆ ದೊಡ್ಡಮ್ಮ. ಓದುತ್ತಾ ಓದುತ್ತಾ ಅಷ್ಟು ವರ್ಷ ಕಂಡ ಮನುಷ್ಯನನ್ನು ಮೊದಲ ಸಲ ಕಂಡ ಹಾಗಾಯಿತು. ಆ ಹನ್ನೊಂದು ಪುಟಗಳಲ್ಲಿ ಒಂದು ದಿನದ ಷರಾ ಎಲ್ಲಕ್ಕಿಂತ ಉದ್ದವಾಗಿತ್ತು. ಅದು ನನಗೆ ಬಾಯಿಪಾಠವಾಗಿದೆ.

"ಮಳೆ ಇಲ್ಲ. ಕೆಲಸದ ಮೇಲೆ ಹೊಂಗಡಹಳ್ಳದ ಕಡೆ ಹೋಗಿದ್ದೆ. ಹಳ್ಳದಲ್ಲಿ ಸ್ನಾನ ಮಾಡುವಾಗ ಕರಡಿಗೆಯ ಮುಚ್ಚಳ ಬಿಚ್ಚಿಕೊಂಡು ಲಿಂಗ ನೀರಿಗೆ ಹೋಯಿತು. ಎರಡು ಗಂಟೆ ಹುಡುಕಿದೆ. ಲಿಂಗ ಕಳೆದುಕೊಂಡವನು ಬದುಕಬಾರದು ಎಂದು ಅಜ್ಜ ಹೇಳುತ್ತಿದ್ದರು. ಬದುಕಿದ್ದೇನೆ. ಬುತ್ತಿ ಉಂಡೆ. ಅಷ್ಟೇ ಗಾತ್ರದ ಒಂದು ಕಲ್ಲು ಹಾಕಿಕೊಂಡು ಬಂದೆ. ಕಂದು ಕಲ್ಲು, ನಡುವೆ ಒಂದು ಬಿಳಿ ಗೆರೆ. ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು, ಆದರೆ ಕೇಳುವವರಿಗೆ ಏನೆಂದು ಹೇಳಲಿ. ಇವಳಿಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡ."

ಆ ದಿನದಿಂದ ಸಾಯುವವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಅವರು ಆ ಹಳ್ಳದ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ್ದರು. ಇದನ್ನು ಟೈಪ್ ಮಾಡುವಾಗ ನನಗೆ ಹೊಳೆಯದೇ ಹೋದದ್ದು ಅಪ್ಪನಿಗೆ ಓದಿದ ಕೂಡಲೇ ಹೊಳೆಯಿತು. ಹನ್ನೊಂದು ಗಂಟೆಗೆ ಫೋನ್ ಬಂತು.

"ಏನಮ್ಮ ಇದು?"

"ದೊಡ್ಡಪ್ಪ ಬರೆದಿದ್ದು, ಅಪ್ಪ."

"ಅದು ಗೊತ್ತಾಯ್ತು. ಹಂಗಾದ್ರೆ ನಮ್ಮಣ್ಣನ ಕೈಲಿ ಏನಿಟ್ಟು ಮಣ್ಣು ಮಾಡಿದ್ವಿ ನಾವು? ಹೊಳೆ ಕಲ್ಲಾ?"

ಅಪ್ಪ ಫೋನ್ ಇಟ್ಟರು. ಐದು ನಿಮಿಷದಲ್ಲಿ ಅಣ್ಣನ ಫೋನ್. ದೊಡ್ಡಪ್ಪನ ಮಗನನ್ನು ನಾನು ಅಣ್ಣ ಎನ್ನುವುದು. ಸಕಲೇಶಪುರದಲ್ಲಿ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ದನಿ ಏರಿತ್ತು, ಸಿಟ್ಟಿಗೋ ಸಂತೋಷಕ್ಕೋ ಗೊತ್ತಾಗಲಿಲ್ಲ.

"ಒಂದಕ್ಷರ ಬಿಡದೆ ಅಚ್ಚು ಹಾಕ್ಸು. ಪೂಜೆ ಮಾಡ್ದೆ ಇಸ್ಕೂಲಿಗೆ ಹೊಂಟ್ರೆ ಬಾಗ್ಲಿಂದ ವಾಪಸ್ ಕರ್ಕೊಂಬಂದು ಕೂರಿಸ್ತಿದ್ದ ನನ್ನ. ಕೈಲಿ ಕಲ್ಲಿಟ್ಕೊಂಡು! ಜನಕ್ಕೆ ಗೊತ್ತಾಗ್ಲಿ."

"ಯಾಕಣ್ಣ ಗೊತ್ತಾಗ್ಬೇಕು?"

"ಅವನೂ ನನ್ನಂಗೇ ಇದ್ದ ಅಂತ ಗೊತ್ತಾಗ್ಲಿ ಕಣೇ," ಎಂದ.

ಮುಂದಿನ ಭಾನುವಾರ ಮಧ್ಯಾಹ್ನ ದೊಡ್ಡಮ್ಮನ ಮನೆಯಲ್ಲಿ ಸೇರಿದೆವು. ಅಪ್ಪ, ಅಣ್ಣ, ನಾನು. ಫೆಬ್ರವರಿಯ ಒಣ ಬಿಸಿಲು. ಅಂಗಳದಲ್ಲಿ ಮೆಣಸು ಹರವಿತ್ತು. ಹಿತ್ತಲಿನ ಆಚೆ, ಸಿಲ್ವರ್ ಓಕ್ ಮರಗಳ ಕೆಳಗೆ ದೊಡ್ಡಪ್ಪನ ಸಮಾಧಿ ಕಾಣುತ್ತದೆ, ಸಿಮೆಂಟಿನ ಕಟ್ಟೆ, ಸುಣ್ಣ ಬಳಿದದ್ದು. ದೊಡ್ಡಮ್ಮನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಪುಸ್ತಕದ ವಿಷಯ ಮಾತಾಡಲು ಬಂದಿದ್ದಾರೆ ಎಂದುಕೊಂಡು ಒಳಗೆ ಕಾಫಿ ಸೋಸುತ್ತಿದ್ದರು.

ಅಪ್ಪ ನೇರ ವಿಷಯಕ್ಕೆ ಬಂದರು. "ಅಚ್ಚಿನ ಮಾತು ಬಿಡ್ರಿ. ಅದು ಆಗಲ್ಲ. ಮೊದ್ಲು ಸಮಾಧಿ ತೆಗ್ಸಿ ಕೈಲಿ ಲಿಂಗ ಇಡ್ಬೇಕು. ಅಯ್ಯನೋರ್ನ ಕೇಳಿದೀನಿ. ವರ್ಷ ತುಂಬೋದ್ರೊಳಗೆ ಮಾಡ್ಬೌದು ಅಂದ್ರು."

"ಚಿಕ್ಕಪ್ಪ, ತಲೆ ಕೆಟ್ಟೈತಾ ನಿಮಗೆ? ಹನ್ನೊಂದು ತಿಂಗಳಾದ ಹೆಣ..."

"ಹೆಣ ಅನ್ಬೇಡ ಕಣೋ! ನಿಮ್ಮಪ್ಪ ಅವನು!"

"ನಮ್ಮಪ್ಪ ಅಂತಾನೇ ಹೇಳ್ತಿರೋದು. ಅವನಿಗೆ ಬೇಡ್ದೆ ಇದ್ದಿದ್ದು ಈಗ ಯಾಕೆ ಕೈಗೆ ತುರುಕ್ತೀರಾ? ಕೇಳಿ ಇಲ್ಲಿ, ಅವನ ಬಾಯಲ್ಲೇ ಕೇಳಿ."

ಅಣ್ಣ ನನ್ನ ತೊಡೆಯ ಮೇಲಿದ್ದ ಕೆಂಪು ಪುಸ್ತಕ ಕಿತ್ತುಕೊಂಡು ಆ ಪುಟ ತೆಗೆದು ಗಟ್ಟಿಯಾಗಿ ಓದತೊಡಗಿದ. ಹೊಂಗಡಹಳ್ಳ, ಮುಚ್ಚಳ, ಎರಡು ಗಂಟೆ ಹುಡುಕಿದ್ದು, ಕಲ್ಲು. "ಇವಳಿಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡ" ಎಂಬಲ್ಲಿಗೆ ಬಂದಾಗ ನಾನು ತಲೆ ಎತ್ತಿದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಾಲ್ಕು ಲೋಟ ಕಾಫಿ. ಒಂದು ಹನಿಯೂ ತುಳುಕಲಿಲ್ಲ. ಅವರು ಬಗ್ಗಿ ತಟ್ಟೆಯನ್ನು ನೆಲಕ್ಕಿಟ್ಟರು, ಬಹಳ ನಿಧಾನವಾಗಿ.

ಅಪ್ಪ ಎದ್ದರು. ಅಣ್ಣನ ಕೈಯಿಂದ ಪುಸ್ತಕ ಎಳೆದುಕೊಂಡು, ನಾವು ಏನೆಂದು ತಿಳಿಯುವಷ್ಟರಲ್ಲಿ ಹಿತ್ತಲಿಗೆ ನಡೆದರು. ಅಲ್ಲಿ ಬಚ್ಚಲುಮನೆ. ಆ ಮನೆಯಲ್ಲಿ ಹಂಡೆಯ ಒಲೆ ಆರುವುದೇ ಇಲ್ಲ, ಕಾಫಿ ಗಿಡದ ಬೊಡ್ಡೆ ಹಾಕಿ ಇಡೀ ದಿನ ಕೆಂಡ ಇಟ್ಟಿರುತ್ತಾರೆ. ಅಪ್ಪ ಪುಸ್ತಕವನ್ನು ಒಲೆಯ ಬಾಯಿಗೆ ತುರುಕಿದರು.

ಇಲ್ಲಿಂದ ಮುಂದಿನದು ಒಂದು ನಿಮಿಷಕ್ಕಿಂತ ಕಡಿಮೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ, ಹಲ್ಲುಜ್ಜುವಾಗ ನೋಡಿದ್ದೇನೆ.

ನಮ್ಮೆಲ್ಲರನ್ನೂ ದಾಟಿಕೊಂಡು ದೊಡ್ಡಮ್ಮ ಬಂದರು. ಆ ವಯಸ್ಸಿನವರು ಅಷ್ಟು ಜೋರಾಗಿ ಬಂದದ್ದನ್ನು ನಾನು ಕಂಡಿಲ್ಲ. ಮಂಡಿಯೂರಿ ಬಲಗೈಯನ್ನು ಮೊಣಕೈಯವರೆಗೆ ಒಲೆಗೆ ಹಾಕಿದರು. ಕೂಗಲಿಲ್ಲ. ಪುಸ್ತಕ ಹೊರಗೆ ಬಂತು, ಅಂಚೆಲ್ಲ ಉರಿಯುತ್ತಿತ್ತು. ಅದನ್ನು ಎದೆಗೆ ಒತ್ತಿಕೊಂಡರು, ಬೆಂಕಿ ಆರಿಸಲೆಂದು ಇರಬೇಕು. ಪಾಲಿಯೆಸ್ಟರ್ ಸೀರೆ. ಸೆರಗು ಒಮ್ಮೆಲೇ ಹೊತ್ತಿಕೊಂಡಿತು.

ಅಣ್ಣ "ಅಮ್ಮಾ" ಎಂದು ಕಿರುಚಿ ಅಲ್ಲೇ ನಿಂತ. ನಾನು ನೀರಿಗೆ ನುಗ್ಗಿದೆ. ಬಲಕ್ಕೆ ತಣ್ಣೀರಿನ ತೊಟ್ಟಿ, ಒಂದೇ ಹೆಜ್ಜೆ. ಎಡಕ್ಕೆ ಹಂಡೆ. ಚೊಂಬು ಇದ್ದದ್ದು ಹಂಡೆಯ ಅಂಚಿನ ಮೇಲೆ. ಚೊಂಬು ಎಲ್ಲಿತ್ತೋ ಅಲ್ಲೇ ಅದ್ದಿದೆ. ಕುದಿಯುವ ನೀರು. ಆವಿ ನನ್ನ ಮುಖಕ್ಕೆ ಹೊಡೆಯಿತು. ಹಾಗಿದ್ದೂ ನನಗೆ ತಿಳಿಯಲಿಲ್ಲ. ತುಂಬಿದ ಚೊಂಬನ್ನು ದೊಡ್ಡಮ್ಮನ ಮೇಲೆ ಎತ್ತಿದೆ.

ಅಪ್ಪ ನನ್ನ ಮಣಿಕಟ್ಟಿಗೆ ಹೊಡೆದರು. ಚೊಂಬು ಹಾರಿ ಗೋಡೆಗೆ ಬಡಿದು ನೀರೆಲ್ಲ ನೆಲಕ್ಕೆ ಹೋಯಿತು. ನನ್ನ ಎಡಪಾದದ ಮೇಲೆ ಸ್ವಲ್ಪ ಬಿತ್ತು, ಅದರ ಕಲೆ ಇದೆ. ಅಪ್ಪ ಬರಿಗೈಯಿಂದ ದೊಡ್ಡಮ್ಮನ ಸೆರಗು ಹರಿದು ತೆಗೆದು, ಹೆಗಲ ಟವೆಲಿನಿಂದ ಅವರನ್ನು ಸುತ್ತಿ, ಬೆಂಕಿ ಆರುವವರೆಗೆ ಬಡಿದರು. "ಅತ್ತಿಗೆ, ಅತ್ತಿಗೆ, ಅತ್ತಿಗೆ" ಎನ್ನುತ್ತಲೇ ಇದ್ದರು. ಬೆಂಕಿಗೆ ಹಾಕಿದವರೂ ಅವರೇ, ಆರಿಸಿದವರೂ ಅವರೇ. ನಾನು ಆ ಚೊಂಬು ಸುರಿದಿದ್ದರೆ ದೊಡ್ಡಮ್ಮನ ಮುಖ ಉಳಿಯುತ್ತಿರಲಿಲ್ಲ.

ಅಣ್ಣನ ಜೀಪಿನಲ್ಲಿ ಹಾಸನದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ದೊಡ್ಡಮ್ಮ ಮಾತಾಡಿದ್ದು ಒಂದೇ ಸಲ. ಅಪ್ಪನಿಗಲ್ಲ, ಅಣ್ಣನಿಗಲ್ಲ, ನನಗೆ.

"ನಮ್ಮಲ್ಲಿ ಸುಡೋ ಪದ್ಧತಿ ಇಲ್ಲ ಕಣೇ. ಅವರ ಅಕ್ಷರ ಅದು."

ಬಲಗೈ, ಎದೆಯ ಮೇಲ್ಭಾಗ, ಕುತ್ತಿಗೆಯ ಒಂದು ಪಕ್ಕ ಸುಟ್ಟಿತ್ತು. ಪ್ರಾಣಕ್ಕೆ ಭಯವಿಲ್ಲ, ವಾಸಿಯಾಗಲು ದಿನ ಹಿಡಿಯುತ್ತದೆ ಎಂದರು ಡಾಕ್ಟರು. ಕುತ್ತಿಗೆಗೆ ಔಷಧಿ ಹಚ್ಚಲು ನರ್ಸ್ ಕರಡಿಗೆಯ ದಾರ ತೆಗೆಯಬೇಕೆಂದಳು. ದೊಡ್ಡಮ್ಮ ಎಡಗೈಯಿಂದ ಗಟ್ಟಿ ಹಿಡಿದುಕೊಂಡರು. ನರ್ಸ್ ಕೇಳಬೇಕಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟು, "ತೆಗೀಬೇಡ. ಹಂಗೇ ಇಟ್ಕೊ" ಎಂದರು.

ನಾನು ತೆಗೆಯಲಿಲ್ಲ. ಬಿಸಿಗೆ ಮುಚ್ಚಳದ ಬೆಸುಗೆ ಬಿಟ್ಟಿತ್ತು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಕರ್ಚೀಫಿನಲ್ಲಿ ಸುತ್ತಲು ಹೋದಾಗ ಮುಚ್ಚಳ ತಾನಾಗಿ ಕಳಚಿಕೊಂಡಿತು. ಒಳಗೆ ಕರಿಯ ರವಿಕೆ ಬಟ್ಟೆಯ ಚೂರು. ಬಟ್ಟೆಯೊಳಗೆ ಕಂದು ಬಣ್ಣದ ಒಂದು ಕಲ್ಲು. ನಡುವೆ ಬಿಳಿ ಗೆರೆ.

ಆ ಕಲ್ಲು ದೊಡ್ಡಪ್ಪನ ಜೊತೆ ಹನ್ನೊಂದು ತಿಂಗಳ ಹಿಂದೆ ಮಣ್ಣಿಗೆ ಹೋಗಿತ್ತು. ಮಣ್ಣು ಹಾಕಿದವರಲ್ಲಿ ನಾನೂ ಒಬ್ಬಳು, ಮೂರು ಹಿಡಿ ಹಾಕಿದ್ದೆ. ಈಗ ಅದು ನನ್ನ ಅಂಗೈಯಲ್ಲಿ, ದೊಡ್ಡಮ್ಮನ ಮೈಯ ಬಿಸಿಯಲ್ಲೋ ಬೆಂಕಿಯ ಬಿಸಿಯಲ್ಲೋ ಬೆಚ್ಚಗೆ ಕೂತಿತ್ತು. ಕಾರಿಡಾರಿನ ಆ ತುದಿಯಲ್ಲಿ ಅಪ್ಪ ಎರಡೂ ಅಂಗೈಗೆ ಪಟ್ಟಿ ಹಾಕಿಸಿಕೊಂಡು ಗೋಡೆ ನೋಡುತ್ತಾ ಕೂತಿದ್ದರು. ನಾನು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಒತ್ತಿ, ದಾರದಿಂದ ಬಿಗಿದೆ. ಯಾರಿಗೂ ಹೇಳಲಿಲ್ಲ.

ಒಂಬತ್ತು ದಿನದ ಮೇಲೆ ಮನೆಗೆ ಬಂದೆವು. ಕಾಲೇಜಿಗೆ ರಜೆ ಹಾಕಿ ನಾನು ದೊಡ್ಡಮ್ಮನ ಜೊತೆ ಉಳಿದೆ. ಬಚ್ಚಲುಮನೆಗೆ ಹೋದ ಕೂಡಲೇ ಚೊಂಬನ್ನು ಎತ್ತಿ ತೊಟ್ಟಿಯ ಮೇಲೆ ಇಟ್ಟೆ. ಅಭ್ಯಾಸ ಬಲದಿಂದ ಕೆಲಸದವರು ಯಾರೋ ಮತ್ತೆ ಹಂಡೆಯ ಮೇಲಿಡುತ್ತಿದ್ದರು, ಮತ್ತೆ ತೆಗೆದಿಡುತ್ತಿದ್ದೆ. ಒಗ್ಗರಣೆಯ ಹೊಗೆ ಬಂದರೂ ಸುಟ್ಟ ಕೂದಲಿನ ವಾಸನೆ ಎನಿಸುತ್ತಿತ್ತು. ನಿದ್ದೆ ನನಗೂ ಇರಲಿಲ್ಲ, ದೊಡ್ಡಮ್ಮನಿಗೂ ಇರಲಿಲ್ಲ. ಅವರು ನೋವಿಗೆ ಎಚ್ಚರವಿದ್ದಾರೆ ಎಂದು ನಾನಂದುಕೊಂಡಿದ್ದೆ. ಆದರೆ ಅವರು ಮಲಗಿದ ಕಡೆಯಿಂದ ಕಿಟಕಿಯಲ್ಲಿ ಸಮಾಧಿಯ ಕಟ್ಟೆ ಕಾಣುತ್ತಿತ್ತು. ಅವರು ಅದನ್ನು ಕಾಯುತ್ತಿದ್ದರು.

ಯಾಕೆಂದರೆ ಅಪ್ಪ ಮನಸ್ಸು ಬದಲಿಸಿರಲಿಲ್ಲ. ಬೆಂಕಿ ಬಿದ್ದದ್ದೇ ಮಣ್ಣು ಮಾಡಿದ್ದರಲ್ಲಿ ದೋಷವಿದೆ ಎಂಬುದಕ್ಕೆ ಗುರುತು ಎಂದು ಅವರಿಗೆ ಇನ್ನೂ ಗಟ್ಟಿಯಾಗಿತ್ತು. ಎಡಗೈಗೆ ಪಟ್ಟಿಯಾದ್ದರಿಂದ ಲಿಂಗ ಹಿಡಿಯಲು ಬಾರದೆ ಅವರ ಪೂಜೆಯೂ ನಿಂತಿತ್ತು. ಸೋಮವಾರ ಬೆಳಿಗ್ಗೆ ಸಮಾಧಿ ತೆಗೆಯುವುದು, ಅಯ್ಯನವರು ಹೊಸ ಲಿಂಗ ತರುತ್ತಾರೆ ಎಂದು ಫೋನಿನಲ್ಲಿ ಹೇಳಿದರು. ಅಣ್ಣ ಜಗಳವಾಡಲಿಲ್ಲ. ತನ್ನಮ್ಮ ಉರಿಯುವಾಗ ತಾನು ನಿಂತು ನೋಡಿದೆ ಎಂಬುದರಲ್ಲೇ ಅವನ ಮಾತೆಲ್ಲ ಮುಗಿದುಹೋಗಿತ್ತು.

ಹಿಂದಿನ ದಿನ ಬೆಳಿಗ್ಗೆ ಪಟ್ಟಿ ಬದಲಾಯಿಸುವಾಗ ನಾನು ಕೇಳಿಯೇಬಿಟ್ಟೆ. "ದೊಡ್ಡಮ್ಮ, ಆಸ್ಪತ್ರೇಲಿ ಮುಚ್ಚಳ ಬಿಚ್ಕೊಂಡಿತ್ತು. ನೋಡ್ಬಿಟ್ಟೆ."

"ಗೆರೆ ಚೆನ್ನಾಗೈತೆ ಅಲ್ವಾ?" ಎಂದರು.

"ನಿಮಗೆ ಯಾವಾಗಿಂದ ಗೊತ್ತಿತ್ತು?"

"ಶಿವರಾತ್ರಿಗೆ ಇಬ್ಬರ ಕರಡಿಗೇನೂ ವಿಭೂತಿ ಹಾಕಿ ಉಜ್ಜೋಳು ಯಾರು? ಅವರು ಒಳಗಿಂದು ತೆಗೆದಿಟ್ಟು ಕೊಡ್ತಿದ್ರು. ಒಂದ್ ವರ್ಷ ಮರೆತು ಹಂಗೇ ಕೊಟ್ಬುಟ್ರು. ಬಿಚ್ಚಿ ನೋಡ್ದೆ. ಒಳಗೆ ಬರೀ ಕಲ್ಲು. ಸುಮ್ನೆ ಉಜ್ಜಿ ಕೊಟ್ಟೆ."

"ಕೇಳ್ಲಿಲ್ವಾ?"

"ಕೇಳಿದ್ರೆ ಅವರು ಇನ್ನೊಂದು ಕಟ್ಟಿಸ್ಕೋಬೇಕಾಗ್ತಿತ್ತು. ಮನಸ್ಸಿಲ್ದೆ ಕಟ್ಟಿಸ್ಕೊಳ್ಳೋರು. ನನಗೋಸ್ಕರ. ಅದೇನು ಚೆಂದ?" ಪಟ್ಟಿಯ ಅಂಚು ಎಳೆದಾಗ ಮುಖ ಹಿಂಡಿಕೊಂಡರು. "ಗೊತ್ತಾಗೋದು ಬೇಡ ಅಂತ ಬರ್ದವ್ರೆ ನೋಡು. ನನಗೆ ಗೊತ್ತು ಅಂತ ಅವರಿಗೆ ಗೊತ್ತಾಗ್ಬಾರ್ದು ಅಂತ ನಾನು ಪಟ್ಟ ಪಾಡು ಯಾವ ಪುಸ್ತಕದಲ್ಲೈತೆ?"

ದೊಡ್ಡಪ್ಪ ತೀರಿಕೊಂಡ ದಿನ ಮೈ ತೊಳೆಯುವ ಮೊದಲು ಕರಡಿಗೆಯನ್ನು ತೊಳೆದು ತರುತ್ತೇನೆಂದು ದೊಡ್ಡಮ್ಮ ಒಳಗೆ ತೆಗೆದುಕೊಂಡು ಹೋಗಿದ್ದರು. ನನಗೆ ಅದು ನೆನಪಿದೆ, ಬಾಗಿಲು ಹಾಕಿಕೊಂಡಿದ್ದರು, ಅಳಲೆಂದು ಎಂದುಕೊಂಡಿದ್ದೆವು. ಒಳಗೆ ತಮ್ಮ ಲಿಂಗವನ್ನು ಅವರ ಕರಡಿಗೆಗೆ ಹಾಕಿ, ಅವರ ಕಲ್ಲನ್ನು ತಮ್ಮದಕ್ಕೆ ಹಾಕಿಕೊಂಡರು. ಅಯ್ಯನವರು ಗುಂಡಿಯಲ್ಲಿ ದೊಡ್ಡಪ್ಪನ ಅಂಗೈಯಲ್ಲಿಟ್ಟದ್ದು ಹಾಗೆ ಬಂದದ್ದು.

"ಬರೀ ಕಲ್ಲಿಟ್ಟು ಮಣ್ಣು ಮಾಡಕ್ಕೆ ಮನಸ್ಸು ಬರ್ಲಿಲ್ಲ ಕಣೇ. ನಂದು ಅವರತ್ರ ಐತೆ. ಅವರದ್ದು ನನ್ನತ್ರ ಐತೆ. ಈಗ ನಿಮ್ಮಪ್ಪ ಹೋಗಿ ತೆಗೀತಾನಂತೆ."

"ಹೇಳಿಬಿಡಿ ದೊಡ್ಡಮ್ಮ. ಹೇಳಿದ್ರೆ ತೆಗೆಯಲ್ಲ."

"ಹೇಳಿದ್ರೆ ನಾನು ಒಂದ್ ವರ್ಷದಿಂದ ಲಿಂಗ ಇಲ್ದೆ ಉಂಡೋಳು ಆಗ್ತೀನಿ. ನನ್ನ ಕೈಯ ನೀರು ಕುಡಿಯಲ್ಲ ಅವನು."

ಸೋಮವಾರ ಎಂಟು ಗಂಟೆಗೆ ಅಪ್ಪ ಬಂದರು. ಹಾರೆ, ಗುದ್ದಲಿ ಹಿಡಿದ ಇಬ್ಬರು ಆಳುಗಳು ಹಿಂದೆ. ಅಯ್ಯನವರು ಇನ್ನೂ ದಾರಿಯಲ್ಲಿದ್ದರು. ದೊಡ್ಡಮ್ಮ ಎದ್ದು, ನನ್ನ ಭುಜ ಹಿಡಿದುಕೊಂಡು ಹಿತ್ತಲಿಗೆ ಬಂದು ಸಮಾಧಿಯ ಕಟ್ಟೆಯ ಮೇಲೆ ಕೂತರು.

"ಅತ್ತಿಗೆ, ಏಳಿ. ಬಿಸಿಲು."

"ಇಲ್ಲಿ ಬಾ ನೀನು. ಹತ್ರ ಬಾ." ಆಳುಗಳನ್ನು ಬೇಲಿಯ ಆಚೆ ನಿಲ್ಲಲು ಹೇಳಿದರು. ಆಮೇಲೆ ಎಡಗೈಯಿಂದ ಕೊರಳ ಕರಡಿಗೆ ಬಿಚ್ಚಿ ಅಪ್ಪನ ಮುಂದೆ ಹಿಡಿದರು. ನಾನು ದಾರ ಸಡಿಲಿಸಿದೆ. ಬಟ್ಟೆ ಬಿಡಿಸಿದೆ. ಅಪ್ಪ ಕಲ್ಲು ನೋಡಿದರು. ನಾನು ಟೈಪ್ ಮಾಡಿದ ಪುಟವನ್ನು ಅವರೂ ಓದಿದ್ದರು. ಬಿಳಿ ಗೆರೆ ಅವರಿಗೂ ಗೊತ್ತಿತ್ತು.

"ಇದು... ಹೆಂಗೆ ಮೇಲೆ ಬಂತು?"

"ಕೆಳಗೆ ಹೋಗ್ಲೇ ಇಲ್ಲ ಮಾರಾಯ. ಕೆಳಗೆ ಇರೋದು ನಂದು. ಲಿಂಗಾನೇ ಐತೆ ನಿಮ್ಮಣ್ಣನ ಕೈಲಿ. ತೆಗ್ದು ನೋಡ್ತೀಯಾ?"

ಅಪ್ಪ ಕೂತುಬಿಟ್ಟರು, ಕಟ್ಟೆಯ ಮೇಲಲ್ಲ, ಒಣ ಎಲೆಗಳ ಮೇಲೆ. ಪಟ್ಟಿ ಕಟ್ಟಿದ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡರು.

"ಯಾಕೆ ಹೇಳ್ಲಿಲ್ಲ ಅತ್ತಿಗೆ? ಅವತ್ತೇ ಹೇಳಿದ್ರೆ ಪುಸ್ತಕಕ್ಕೆ ನಾನು ಬೆಂಕಿ..."

"ನನ್ನ ಯಾರು ಕೇಳಿದ್ರಿ? ಅಚ್ಚು ಹಾಕ್ಬೇಕು ಅಂತ ಒಬ್ಬ, ಅಗೀಬೇಕು ಅಂತ ಒಬ್ಬ. ಕಾಫಿ ತಾ ಅಂದ್ರಿ, ತಂದೆ."

"ಅಯ್ಯನೋರು ಬರ್ತಾವ್ರೆ. ಹೊಸ ಲಿಂಗ ತರ್ತಾವ್ರೆ. ನೀವಾದ್ರೂ ಕಟ್ಟಿಸ್ಕಳಿ."

"ಬೇಡ."

"ಹಂಗಂದ್ರೆ ಹೆಂಗೆ ಅತ್ತಿಗೆ? ನಾಳೆ ನಿಮ್ಮನ್ನ..."

"ನಾಳೆ ನನ್ನ ಕೂರಿಸ್ದಾಗ ಇದ್ನೇ ಕೈಲಿಡಿ. ಇಲ್ಲೇ, ಇವರ ಪಕ್ಕ. ಅಷ್ಟು ವರ್ಷ ಅವರ ಕೈಲಿತ್ತು."

ಅಪ್ಪ "ಆಮೇಲೆ ನೋಡಾನ" ಎಂದರು. ಬೇಲಿಯ ಆಚೆಯಿಂದ ಆಳು ಕೂಗಿದ, "ಸಾಮಿ, ಎಲ್ಲಿ ಅಗೀಬೇಕು?" ಅಪ್ಪ ಕಣ್ಣೊರೆಸಿಕೊಂಡು ಸುತ್ತ ನೋಡಿದರು. "ಆ ಕಡೆ ನಾಲ್ಕು ಬಾಳೆ ಗುಂಡಿ ತೆಗೀರಪ್ಪ," ಎಂದರು. ಅಯ್ಯನವರು ಬಂದಾಗ ಬಾಳೆ ಗುಂಡಿ ಮೂರನೆಯದು ನಡೆಯುತ್ತಿತ್ತು. ಅವರಿಗೆ ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಹೊಸ ಲಿಂಗದ ಡಬ್ಬಿ ಅಪ್ಪನ ಜೇಬಿನಲ್ಲೇ ಆಲೂರಿಗೆ ವಾಪಸಾಯಿತು. ಹೊರಡುವ ಮುಂಚೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ಒಂದ್ ಲೋಟ ನೀರು ಕೊಡಿ" ಎಂದರು. ದೊಡ್ಡಮ್ಮ ಎಡಗೈಯಲ್ಲೇ ತಂದು ಕೊಟ್ಟರು. ಲೋಟ ಹಿಡಿಯಲು ಅಪ್ಪನಿಗೆ ಬರಲಿಲ್ಲ. ಅವರೇ ಎತ್ತಿ ಕುಡಿಸಿದರು.

ವರ್ಷದ ದಿನಕ್ಕೆ ಪುಸ್ತಕ ಬಂತು, ಎಂಟೇ ಪುಟ. ದೊಡ್ಡಪ್ಪನ ಫೋಟೋ, ಆಮೇಲೆ ಮಳೆಯ ಪಟ್ಟಿ. "ಷರಾ ಕಾಲಂ ತೆಗೆದು ಹಾಕ್ಲಾ?" ಎಂದು ಅಣ್ಣ ಕೇಳಿದ್ದಕ್ಕೆ ದೊಡ್ಡಮ್ಮ, "ಯಾಕೆ ತೆಗೀತೀಯ? ಹಂಗೇ ಇರ್ಲಿ, ಖಾಲಿ ಇರ್ಲಿ" ಎಂದಿದ್ದರು. ಊಟಕ್ಕೆ ಬಂದವರು ಖಾಲಿ ಕಾಲಂ ನೋಡಿ ಅಚ್ಚಿನ ತಪ್ಪು ಎಂದುಕೊಂಡರು. ಅಣ್ಣ ಒಂದು ಪ್ರತಿಯಲ್ಲಿ ಎಲ್ಲ ಸಾಲುಗಳನ್ನೂ ತನ್ನ ಕೈಯಿಂದ ತುಂಬಿ ಇಟ್ಟುಕೊಂಡಿದ್ದಾನೆ. ಅಪ್ಪನಿಗೆ ಗೊತ್ತು. ಇಬ್ಬರೂ ಆ ಮಾತು ಎತ್ತುವುದಿಲ್ಲ. ಇದನ್ನು ಬರೆಯಲೇ ಎಂದು ನಾನು ದೊಡ್ಡಮ್ಮನನ್ನು ಕೇಳಿದೆ. "ಯಾರ ಹೆಸರೂ ಹಾಕ್ದೆ ಬರಿ. ನೀನು ಬಿಸಿನೀರು ಎತ್ತಿದ್ದೂ ಬರಿ," ಎಂದರು. ಅವರು ಅದನ್ನು ನೋಡಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಿದ್ದೆ ಆ ಸೋಮವಾರದಂದೇ ಬರಲಿಲ್ಲ. ವಾರಗಟ್ಟಲೆ ಇಬ್ಬರೂ ಕಣ್ಣು ಬಿಟ್ಟುಕೊಂಡೇ ಇದ್ದೆವು, ಅವರು ಕಾದ ಅಭ್ಯಾಸಕ್ಕೆ, ನಾನು ಚೊಂಬಿನ ನೆನಪಿಗೆ. ಮಾರ್ಚ್ ಕೊನೆಯ ಒಂದು ಗುರುವಾರ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಗಡಿಯಾರ ಎಂಟಕ್ಕೆ ಹತ್ತು ನಿಮಿಷ. ದೊಡ್ಡಮ್ಮ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದರು. ಎಬ್ಬಿಸಿದೆ.

ಅಂಗಳಕ್ಕೆ ಬಂದರೆ ನೆಲವೆಲ್ಲ ಒದ್ದೆ. ಬೇಲಿಯಾಚೆಯ ತೋಟದಲ್ಲಿ ಕಾಫಿ ಮೊಗ್ಗುಗಳ ಮೇಲೆ ನೀರು. ದೊಡ್ಡಮ್ಮ ರೈನ್‌ಗೇಜಿನ ಹತ್ತಿರ ಹೋಗಿ ಬಗ್ಗಿ ನೋಡಿ ನಿಂತರು. ನಮ್ಮ ತಲೆಯ ಮೇಲಿರುವುದು ತಗಡಿನ ಮಾಡು. ನಾಲ್ಕು ಹನಿ ಬಿದ್ದರೂ ಮಾತು ಕೇಳಿಸುವುದಿಲ್ಲ.

"ಮಳೆ ಬಂದಿತ್ತೇನೇ?"

"ಗೊತ್ತಿಲ್ಲ ದೊಡ್ಡಮ್ಮ."

"ನನಗೂ ಗೊತ್ತಿಲ್ಲ ಕಣೇ."

ನೀರನ್ನು ಅಳತೆಯ ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಎಂಬತ್ತೈದು ಸೆಂಟ್. ಸುಟ್ಟ ಅಂಚಿನ ಕೆಂಪು ಪುಸ್ತಕದಲ್ಲಿ ಉಳಿದಿದ್ದ ಖಾಲಿ ಪುಟದಲ್ಲಿ ದೊಡ್ಡಮ್ಮ, ಸುಕ್ಕುಗಟ್ಟಿದ ಹೊಸ ಚರ್ಮದ ಬಲಗೈಯಿಂದ, ತಾರೀಕು ಬರೆದರು, ಮಳೆ ಬರೆದರು. ಷರಾ ಕಾಲಂನ ಹತ್ತಿರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದರು: ಕೇಳಿಸಲಿಲ್ಲ. ಮಲಗಿದ್ದೆವು.